ವಾಸನೆಯನ್ನು ಬರೆದಿಡುವವರು ಯಾರು?

ಬಿಹಾರದ ಸಾರಣ್ ಜಿಲ್ಲೆಯ ಧರ್ಮಸತಿ ಗಂಡಾಮನ್ ಎಂಬ ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ 2013ರ ಜುಲೈ 16ರಂದು ಮಧ್ಯಾಹ್ನದ ಅಡುಗೆ ನಡೆದಿತ್ತು. ಅನ್ನ, ಜೊತೆಗೆ ಸೋಯಾ ಮತ್ತು ಆಲೂಗಡ್ಡೆಯ ಪಲ್ಯ. ಎಣ್ಣೆ ಕಾದಾಗ ಅಡುಗೆಯಾಕೆಗೆ ಅದರ ಬಣ್ಣವೂ ವಾಸನೆಯೂ ಸರಿಯೆನಿಸಲಿಲ್ಲ. ಮುಖ್ಯಶಿಕ್ಷಕಿಗೆ ತಿಳಿಸಿದರೂ ಅಡುಗೆ ಮುಂದುವರಿಸಬೇಕೆಂಬ ಉತ್ತರವೇ ಬಂತೆಂದು ಆಕೆ ಅನಂತರ ಹೇಳಿದಳು. ತಟ್ಟೆಯ ಮುಂದೆ ಕುಳಿತ ಮಕ್ಕಳೂ ರುಚಿ ಕೆಟ್ಟಿದೆಯೆಂದು ದೂರಿದ್ದರು. ಆ ಊಟ 23 ಮಕ್ಕಳ ಪ್ರಾಣ ತೆಗೆಯಿತು. ಅದೇ ಊಟ ಉಂಡ ಅಡುಗೆಯಾಕೆಯೂ ಆಸ್ಪತ್ರೆ ಸೇರಬೇಕಾಯಿತು. ವಿಧಿವಿಜ್ಞಾನ ಪ್ರಯೋಗಾಲಯವು ಎಣ್ಣೆಯಲ್ಲಿ ಮಾನೊಕ್ರೊಟೊಫಾಸ್ ಎಂಬ ಕೀಟನಾಶಕ ಇರುವುದನ್ನು ಕಂಡುಹಿಡಿಯಿತು.

ಆ ದಿನದ ಸಂಗತಿಗಳಲ್ಲಿ ಮನಸ್ಸನ್ನು ಬಹಳ ಕಾಲ ಬಿಡದೆ ಕಾಡುವಂಥದು ವಿಷದ ಹೆಸರಲ್ಲ, ಅಡುಗೆಯಾಕೆಯ ಮಾತು. ತಪ್ಪನ್ನು ಎಲ್ಲರಿಗಿಂತ ಮೊದಲು ಅರಿತವಳು ಅವಳು. ಪ್ರಯೋಗಾಲಯ ದಿನಗಟ್ಟಲೆ ಪರೀಕ್ಷಿಸಿ ಹೇಳಿದ್ದನ್ನು ಅವಳ ಮೂಗು ಒಲೆಯ ಮುಂದೆಯೇ ಹೇಳಿತ್ತು. ಆದರೆ ಅವಳ ಮಾತಿಗೆ ಅಡುಗೆ ನಿಲ್ಲಿಸುವ ಶಕ್ತಿ ಇರಲಿಲ್ಲ.

ಆ ಶಾಲೆಗೆ ಸ್ವಂತ ಅಡುಗೆಮನೆ ಇರಲಿಲ್ಲ. ದಿನಸಿ ಸಾಮಾನು ಮುಖ್ಯಶಿಕ್ಷಕಿಯ ಮನೆಯಲ್ಲಿ ಇರುತ್ತಿತ್ತು. ಕೀಟನಾಶಕ ಇದ್ದ ಡಬ್ಬಿಯಲ್ಲಿ ಎಣ್ಣೆ ತುಂಬಿಸಿರಬಹುದೆಂದು ಅಧಿಕಾರಿಗಳು ಆಗ ಶಂಕಿಸಿದರು. ಮಕ್ಕಳಿಗೆ ಬಡಿಸುವ ಮೊದಲು ದೊಡ್ಡವರು, ಅವರಲ್ಲಿ ಒಬ್ಬ ಶಿಕ್ಷಕರಾದರೂ, ಊಟದ ರುಚಿ ನೋಡಬೇಕೆಂಬ ಮಾತು ಯೋಜನೆಯ ಮಾರ್ಗಸೂಚಿಯಲ್ಲಿ ಅದಕ್ಕೂ ಹಲವು ವರ್ಷ ಮೊದಲೇ ಇತ್ತು. ನಿಯಮಕ್ಕೆ ಕೊರತೆ ಇರಲಿಲ್ಲ. ನಿಯಮವನ್ನು ಒಲೆಯ ಬಳಿಗೆ ತಂದು ನಿಲ್ಲಿಸುವವರ ಕೊರತೆ ಇತ್ತು.

ಮೂರು ವರ್ಷಗಳ ಮೇಲೆ, 2016ರ ಆಗಸ್ಟ್‌ನಲ್ಲಿ, ಛಪ್ರಾದ ನ್ಯಾಯಾಲಯ ತೀರ್ಪು ನೀಡಿತು. ಕೊಲೆಯಲ್ಲದ ದಂಡನೀಯ ನರಹತ್ಯೆಗಾಗಿ ಮುಖ್ಯಶಿಕ್ಷಕಿಗೆ 10 ವರ್ಷ, ಅಂಥ ನರಹತ್ಯೆಯ ಯತ್ನಕ್ಕಾಗಿ 7 ವರ್ಷ. ಒಂದು ಮುಗಿದ ಮೇಲೆ ಇನ್ನೊಂದರಂತೆ ಒಟ್ಟು 17 ವರ್ಷಗಳ ಶಿಕ್ಷೆ. ಅವರ ಜೊತೆ ಆರೋಪ ಹೊತ್ತಿದ್ದ ಪತಿ, ಸಾಕ್ಷ್ಯ ಸಾಲದೆಂಬ ಕಾರಣಕ್ಕೆ ಖುಲಾಸೆಯಾದರು. ಖುಲಾಸೆಯಾದವರನ್ನು ಮತ್ತೆ ಆರೋಪಿ ಎನ್ನುವ ಹಕ್ಕು ಊರಿಗೂ ಇಲ್ಲ, ಪತ್ರಿಕೆಗೂ ಇಲ್ಲ. ಮಕ್ಕಳನ್ನು ಕಳೆದುಕೊಂಡ ತಾಯಂದಿರಿಗೆ ಈ ಮಾತು ಕಹಿ. ಆದರೂ ಅವರ ದುಃಖ ಎಷ್ಟು ನಿಜವೋ ಈ ಮಾತೂ ಅಷ್ಟೇ ನಿಜ.

ಇಂಥ ಮೊಕದ್ದಮೆ ಒಂದೇ ತೀರ್ಪಿನಲ್ಲಿ ಮುಗಿಯುವುದು ಅಪರೂಪ. ಶಿಕ್ಷೆ ಪಡೆದವರಿಗೆ ಮೇಲ್ಮನವಿ ಸಲ್ಲಿಸುವ ಹಕ್ಕನ್ನು ಕಾನೂನೇ ಕೊಟ್ಟಿದೆ. ಕೆಳಗಿನ ನ್ಯಾಯಾಲಯ ದುಡುಕಿರಬಹುದು, ಊರಿನ ಸಿಟ್ಟು ಸಾಕ್ಷಿಗಳ ಬಾಯಲ್ಲಿ ಸೇರಿಕೊಂಡಿರಬಹುದು. ಅದನ್ನು ಮತ್ತೊಮ್ಮೆ ತೂಗಿ ನೋಡುವುದು ನ್ಯಾಯದ ಭಾಗವೇ. ಮೇಲ್ಮನವಿ ಎಂದರೆ ತಪ್ಪಿಸಿಕೊಳ್ಳುವ ಹಾದಿಯೆಂಬ ಜನರ ಭಾವನೆ ಅರ್ಧ ಮಾತ್ರ ಸರಿ. ನಿರಪರಾಧಿ ಉಳಿದುಕೊಳ್ಳುವ ಹಾದಿಯೂ ಅದೇ.

ಆದರೆ ಮೇಲ್ಮನವಿಯ ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ಸಾಕ್ಷಿಕಟ್ಟೆಗೆ ಯಾರೂ ಹತ್ತುವುದಿಲ್ಲ. ಅಡುಗೆಯಾಕೆಯ ನಡುಗುವ ದನಿ ಅಲ್ಲಿ ಕೇಳಿಸುವುದಿಲ್ಲ. ಬಾಣಲೆಯ ವಾಸನೆ ಅಲ್ಲಿಗೆ ತಲಪುವುದಿಲ್ಲ. ನ್ಯಾಯಮೂರ್ತಿಗಳ ಮುಂದೆ ಇರುವುದು ಕಡತ: ಹೇಳಿಕೆ, ಪಾಟೀಸವಾಲು, ಮಹಜರು, ಪ್ರಯೋಗಾಲಯದ ವರದಿ, ದಾಸ್ತಾನು ಪುಸ್ತಕ, ಅಂಗಡಿಯ ರಸೀದಿ. ಹೊಸ ಸಾಕ್ಷ್ಯ ಪಡೆಯುವ ಅಧಿಕಾರ ಅವರಿಗಿದ್ದರೂ ಅದು ಅಪವಾದವಾಗಿ ಬಳಕೆಯಾಗುವಂಥದು. ನಡೆದ ದಿನ ಬರೆಯದೆ ಬಿಟ್ಟದ್ದನ್ನು ಹತ್ತು ವರ್ಷದ ಮೇಲೆ ಯಾವ ವಕೀಲನ ವಾಕ್ಚಾತುರ್ಯವೂ ತುಂಬಿಕೊಡಲಾರದು.

ಆಹಾರದ ಮೊಕದ್ದಮೆಗಳಲ್ಲಿ ಈ ಕಾಗದದ ಮಹತ್ವ ಇನ್ನೂ ಹೆಚ್ಚು. 2006ರ ಆಹಾರ ಸುರಕ್ಷೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಅಧಿಕಾರಿ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಭಾಗ ಆಹಾರ ವಿಶ್ಲೇಷಕರಿಗೆ ಹೋಗುತ್ತದೆ. ಎರಡು ಭಾಗ ಮೇಲಧಿಕಾರಿಯ ವಶದಲ್ಲಿರುತ್ತವೆ. ಎದುರು ಪಕ್ಷ ಬಯಸಿದರೆ ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸಬೇಕು. ವಿಶ್ಲೇಷಕರು 14 ದಿನಗಳೊಳಗೆ ವರದಿ ಕೊಡಬೇಕು. ಆ ವರದಿಯ ವಿರುದ್ಧವೂ ಮೇಲ್ಮನವಿಗೆ ಅವಕಾಶವಿದೆ. ಮೊಹರು ಒಡೆದಿದ್ದರೆ, ದಿನಾಂಕ ಹೊಂದದಿದ್ದರೆ, ಮಾದರಿ ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದ್ದರೆ, ಸಂಶಯದ ಲಾಭ ಆರೋಪಿಗೆ ಸಲ್ಲುತ್ತದೆ.

2024ರ ಫೆಬ್ರವರಿ 21ರಂದು ಉತ್ತರ ಪ್ರದೇಶದಿಂದ ಬಂದ ಕ್ರಿಮಿನಲ್ ಮೇಲ್ಮನವಿಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಒಂದು ಮುಖ್ಯ ಮಾತು ಹೇಳಿತು. ಕಲಬೆರಕೆಯ ಆರೋಪಕ್ಕೆ ಆಹಾರ ಸುರಕ್ಷೆಯ ಕಾಯಿದೆ ಅನ್ವಯಿಸುವಾಗ ಭಾರತೀಯ ದಂಡ ಸಂಹಿತೆಯ 272 ಮತ್ತು 273ನೇ ಕಲಮುಗಳಡಿ ಮೊಕದ್ದಮೆ ನಡೆಸುವಂತಿಲ್ಲ. ವಿಶೇಷ ಕಾಯಿದೆಯೇ ಮೇಲು. ಪೊಲೀಸರು ದಾಳಿ ನಡೆಸಿದರು, ಡಬ್ಬಿ ಜಪ್ತಿಯಾಯಿತು, ಪತ್ರಿಕೆಯಲ್ಲಿ ಚಿತ್ರ ಬಂತು ಎಂದರೆ ಊರು ಸಮಾಧಾನಪಡುತ್ತದೆ. ಆದರೆ ಸರಿಯಾದ ಅಧಿಕಾರಿ ಸರಿಯಾದ ಕ್ರಮದಲ್ಲಿ ಮಾದರಿ ತೆಗೆಯದಿದ್ದರೆ ಆ ಸಮಾಧಾನ ಮೇಲಿನ ನ್ಯಾಯಾಲಯದವರೆಗೆ ಬಾಳುವುದಿಲ್ಲ.

ಈ ಕಾಯಿದೆ ಅಂಗಡಿ, ಹೋಟೆಲುಗಳಿಗೆ ಮಾತ್ರ ಎಂದು ನಂಬಿದವರು ಹಲವರು. ಅದರ ವ್ಯಾಖ್ಯೆಯಲ್ಲಿ ಲಾಭದ ಉದ್ದೇಶವಿರಲಿ ಇಲ್ಲದಿರಲಿ, ಸರ್ಕಾರದ್ದಾಗಲಿ ಖಾಸಗಿಯದಾಗಲಿ, ಆಹಾರ ತಯಾರಿಸಿ ಕೊಡುವ ಸಂಸ್ಥೆ ಒಳಗಾಗುತ್ತದೆ. ಅಸುರಕ್ಷಿತ ಆಹಾರದಿಂದ ಸಾವು ಸಂಭವಿಸಿದರೆ ಕನಿಷ್ಠ 7 ವರ್ಷದಿಂದ ಜೀವಾವಧಿಯವರೆಗೆ ಸೆರೆವಾಸ, 10 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ. ಸತ್ತವರ ಕುಟುಂಬಕ್ಕೆ ಕನಿಷ್ಠ 5 ಲಕ್ಷ ರೂಪಾಯಿ ಪರಿಹಾರ. ಕಾನೂನಿನ ಮಾತು ಗಟ್ಟಿಯಾಗಿಯೇ ಇದೆ.

ಸಾರ್ವಜನಿಕ ಸಂಸ್ಥೆಯ ಅಡುಗೆಮನೆಯಲ್ಲಿ ಕಲಬೆರಕೆಯೂ ಭ್ರಷ್ಟಾಚಾರವೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಒಳ್ಳೆಯ ಬೇಳೆಗೆ ಹಣ ಬರೆದು ಹುಳು ಹಿಡಿದ ಬೇಳೆ ತಂದರೆ, ಕದ್ದದ್ದು ಹಣ, ಕೆಟ್ಟದ್ದು ಮಗುವಿನ ಹೊಟ್ಟೆ. ಆದರೆ ನ್ಯಾಯಾಲಯದಲ್ಲಿ ಇವೆರಡೂ ಬೇರೆ ಬೇರೆ ದಾರಿ ಹಿಡಿಯುತ್ತವೆ. ಬೇಳೆಯ ಗುಣಕ್ಕೆ ಆಹಾರ ಸುರಕ್ಷಾ ಅಧಿಕಾರಿ. ಹಣದ ಲೆಕ್ಕಕ್ಕೆ 1988ರ ಭ್ರಷ್ಟಾಚಾರ ತಡೆ ಕಾಯಿದೆ, ಸರ್ಕಾರಿ ನೌಕರನ ಮೇಲೆ ಮೊಕದ್ದಮೆ ನಡೆಸಲು ಮೇಲಧಿಕಾರಿಯ ಪೂರ್ವಾನುಮತಿ. ಎರಡು ದಾರಿಗಳನ್ನು ಕೂಡಿಸುವುದು ಅಡುಗೆಮನೆಯ ಗೋಡೆಗೆ ನೇತು ಹಾಕಿದ ಒಂದು ಬಡ ಪುಸ್ತಕ: ಇಂದು ಏನು ಬಂತು, ಎಲ್ಲಿಂದ ಬಂತು, ಎಷ್ಟು ಖರ್ಚಾಯಿತು, ಯಾರು ರುಚಿ ನೋಡಿದರು.

ಈ ಊಟ ಯಾರ ದಯೆಯಿಂದಲೂ ಬಂದದ್ದಲ್ಲ. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಪ್ರತಿ ಮಗುವಿಗೂ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು: ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ 200 ದಿನ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯಿದೆ ಅದನ್ನು ಶಾಸನಬದ್ಧ ಹಕ್ಕಾಗಿಸಿತು. ಕಾಸರಗೋಡಿನ ಕನ್ನಡ ಶಾಲೆಯ ಮಗುವಿಗೂ ಸೊಲ್ಲಾಪುರದ ಗಡಿಹಳ್ಳಿಯ ಮಗುವಿಗೂ ಗಂಡಾಮನ್‌ನ ಮಗುವಿಗೂ ಆ ಹಕ್ಕು ಒಂದೇ. ಪುಕ್ಕಟೆ ಕೊಡುವ ಊಟಕ್ಕೆ ತಪ್ಪು ಹುಡುಕಬಾರದೆಂದು ಮನೆಗಳಲ್ಲಿ ಹಿರಿಯರು ಹೇಳುವ ಮಾತು ಸೌಜನ್ಯದ್ದಾದರೂ ಸರಿಯಾದದ್ದಲ್ಲ.

ಗಡಿನಾಡಿನ ಮನೆಗಳಿಗೆ ಇನ್ನೊಂದು ತೊಡಕಿದೆ. ಕಾಸರಗೋಡಿನ ತಾಯಿಗೆ ಅಕ್ಕಿ ಮುಗ್ಗಿದೆಯೆಂದು ಮುಟ್ಟಿದೊಡನೆ ತಿಳಿಯುತ್ತದೆ. ಅದನ್ನು ಬರೆಯಬೇಕಾದ ನಮೂನೆಯ ಭಾಷೆ ಮಾತ್ರ ತಿಳಿಯುವುದಿಲ್ಲ. ಸೊಲ್ಲಾಪುರದ ಕಡೆ ಮರಾಠಿ, ಹೊಸೂರಿನ ಕಡೆ ತಮಿಳು ಅದೇ ಸಂಕೋಚ ಹುಟ್ಟಿಸುತ್ತವೆ. ಸಂಕೋಚದಿಂದ ಮಾತು ಬಾಯಲ್ಲೇ ಉಳಿಯುತ್ತದೆ, ಬಾಯಲ್ಲಿ ಉಳಿದದ್ದು ಕಡತ ಸೇರುವುದಿಲ್ಲ. ಸಂವಿಧಾನದ 350ನೇ ವಿಧಿ ಈ ಸಂಕೋಚಕ್ಕೇ ಉತ್ತರ. ಕುಂದುಕೊರತೆಯ ಪರಿಹಾರಕ್ಕಾಗಿ ಯಾರೇ ಆಗಲಿ, ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಅಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸಬಹುದು. ಕೇರಳದ 1969ರ ಅಧಿಕೃತ ಭಾಷೆಗಳ ಕಾನೂನಿನಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲೇ ಸರ್ಕಾರದೊಡನೆ ಪತ್ರವ್ಯವಹಾರ ನಡೆಸುವ ಅವಕಾಶವೂ ಇದೆ. ಕನ್ನಡದಲ್ಲಿ ಬರೆದ ನಾಲ್ಕು ಸಾಲು, ದಿನಾಂಕ, ಸಹಿ, ಸ್ವೀಕೃತಿಯ ಮೊಹರು ಬಿದ್ದ ಒಂದು ಪ್ರತಿ: ಇಷ್ಟಿದ್ದರೆ ಆ ಮಾತು ಕಡತದಲ್ಲಿ ಉಳಿಯುತ್ತದೆ.

ರುಚಿಯ ಪುಸ್ತಕಕ್ಕೆ ವಾರದ ಕೊನೆಗೆ ಐದು ದಿನದ ಸಹಿಯನ್ನು ಒಟ್ಟಿಗೆ ಹಾಕುವುದು ಯಾರಿಗೂ ದೊಡ್ಡ ಪಾಪವಾಗಿ ಕಾಣುವುದಿಲ್ಲ. ಊಟ ಚೆನ್ನಾಗಿರುವ ದಿನಗಳಲ್ಲಿ ಅದು ಪಾಪವಲ್ಲ ಕೂಡ. ಕೆಟ್ಟ ದಿನ ಮಾತ್ರ ಮೊದಲೇ ಹೇಳಿ ಬರುವುದಿಲ್ಲ. ಅಂದು ಆ ಪುಸ್ತಕ ನ್ಯಾಯಾಲಯದ ಮೇಜಿನ ಮೇಲೆ ತೆರೆದಾಗ, ಒಂದೇ ಶಾಯಿಯಲ್ಲಿ ಒಂದೇ ಹೊತ್ತಿಗೆ ಹಾಕಿದ ಸಹಿಗಳು ಪ್ರಾಮಾಣಿಕ ಶಿಕ್ಷಕನನ್ನು ಕಾಪಾಡಲಾರವು, ಅಪರಾಧಿಯನ್ನು ಹಿಡಿದುಕೊಡಲಾರವು.

ರಕ್ಷಕ ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ವಾರ್ಷಿಕೋತ್ಸವದ ಲೆಕ್ಕದ ಜೊತೆಗೆ ಈ ಪುಸ್ತಕವನ್ನೂ ಒಮ್ಮೆ ಕೇಳಿ ನೋಡಬಹುದು. ಅಡುಗೆಯಾಕೆಯನ್ನು ಕರೆದು ಕುಳ್ಳಿರಿಸಿ, ಸಾಮಾನು ಹೇಗಿದೆ ಅಕ್ಕ ಎಂದು ವಿಚಾರಿಸಬಹುದು. ಅವಳು ಬೇಡವೆಂದ ದಿನ ಆ ಎಣ್ಣೆಯನ್ನು ಬಳಸದೆ ಬದಿಗಿಟ್ಟು, ಯಾಕೆ ಬೇಡವೆಂದಳೆಂಬುದನ್ನು ಅವಳ ಮಾತಿನಲ್ಲೇ ಪುಸ್ತಕದಲ್ಲಿ ಬರೆದು, ಅವಳಿಂದ ಸಹಿ ಹಾಕಿಸಬೇಕು. ಗಂಡಾಮನ್‌ನಲ್ಲಿ ಆ ದಿನ ಅಷ್ಟಾಗಿದ್ದರೆ ಯಾವ ಮೊಕದ್ದಮೆಯೂ ಇರುತ್ತಿರಲಿಲ್ಲ. ಮಕ್ಕಳು ಅಂದು ಮಧ್ಯಾಹ್ನ ಬರಿಯ ಅನ್ನ ಉಂಡು, ಸಂಜೆ ಮನೆಗೆ ಹೋಗುತ್ತಿದ್ದರು.