ಜೋಳಿಗೆಗೆ ಬಿದ್ದ ಚೀಟಿ

ಆಗಸ್ಟ್ 1, ಬೆಳಿಗ್ಗೆ ಒಂಬತ್ತು ಗಂಟೆ. ಹುನಗುಂದ ಸೀಮೆಯ ಒಂದು ಹಳ್ಳಿ. ರಾತ್ರಿಯ ಮಳೆಗೆ ನೆನೆದ ಎರೆಮಣ್ಣು ಹೆಜ್ಜೆ ಹೆಜ್ಜೆಗೂ ಚಪ್ಪಲಿ ಹಿಡಿದೆಳೆಯುತ್ತಿದೆ. ಮುಂದೆ ಹಲಗೆಯ ಸದ್ದು, ಹಿಂದೆ ಹೈಸ್ಕೂಲು ಮಕ್ಕಳ ಸಾಲು. ಬನ್ನಿ, ನೀವೂ ಸಾಲಿನ ಕೊನೆಗೆ ಸೇರಿಕೊಳ್ಳಿ.

ಎಲ್ಲರಿಗಿಂತ ಮುಂದೆ ಸ್ವಾಮಿಗಳೊಬ್ಬರು, ಹೆಗಲಲ್ಲಿ ಕಾವಿ ಜೋಳಿಗೆ. ಜೋಳಿಗೆಗೆ ಜೋಳ, ಹಿಟ್ಟು, ಕಾಣಿಕೆ ಹಾಕುವುದು ನಮ್ಮ ರೂಢಿ. ಇಳಕಲ್ಲಿನ ಮಹಾಂತ ಶಿವಯೋಗಿಗಳು 1970ರ ದಶಕದಲ್ಲಿ ಅದೇ ಜೋಳಿಗೆ ಹಿಡಿದು ಜನರ ದುಶ್ಚಟಗಳನ್ನು ಭಿಕ್ಷೆ ಬೇಡುತ್ತ ಊರೂರು ತಿರುಗಿದರು. 2018ರಲ್ಲಿ ಅವರು ಲಿಂಗೈಕ್ಯರಾದರು. ಅವರು ಹುಟ್ಟಿದ ಈ ದಿನ ರಾಜ್ಯದಲ್ಲಿ ವ್ಯಸನಮುಕ್ತ ದಿನ.

ಅಗಸಿ ಬಾಗಿಲ ಬಳಿ ಮೆರವಣಿಗೆ ನಿಲ್ಲುತ್ತದೆ. ಕಟ್ಟೆಯ ಮೇಲೆ ನಾಲ್ಕು ಹುಡುಗರು. ತುದಿಯಲ್ಲಿರುವವನು ಮಗ್ಗಕ್ಕೆ ಹೋಗುವವನು, ಹತ್ತೊಂಬತ್ತರ ಆಸುಪಾಸು. ಅವನ ಅಂಗೈ ನೋಡಿ: ಎರಡು ಚೀಟಿ. ಒಂದರಲ್ಲಿ ಅಡಿಕೆ ಮಸಾಲೆ, ಇನ್ನೊಂದರಲ್ಲಿ ತಂಬಾಕು. 2013ರಲ್ಲಿ ಗುಟ್ಕಾ ನಿಷೇಧವಾಯಿತು. ಅಂಗಡಿಗಳಲ್ಲಿ ಅದೇ ಸರಕು ಎರಡು ಚೀಟಿಯಾಗಿ ಜೋತುಬಿತ್ತು. ಕೂಡಿಸುವ ಕೆಲಸವಷ್ಟೇ ಹುಡುಗರ ಅಂಗೈಗೆ ಬಂತು.

ಆರೋಗ್ಯ ಕೇಂದ್ರದಿಂದ ಬಂದ ಹಲ್ಲಿನ ಡಾಕ್ಟರಮ್ಮ ಅವನ ಪಕ್ಕ ಕೂರುತ್ತಾರೆ. ಬೈಗುಳವಿಲ್ಲ, ಭಾಷಣವಿಲ್ಲ.

“ತಮ್ಮಾ, ಮೂರು ಬೆರಳ ಉದ್ದಕ ಹಿಡದು ಬಾಯಾಗ ಇಡು ನೋಡೂಣು.”

ಗೆಳೆಯರು ನಗುತ್ತ ಇಟ್ಟುಕೊಂಡು ತೋರಿಸುತ್ತಾರೆ. ಇವನದು ಎರಡಕ್ಕೇ ನಿಂತಿತು. ಇನ್ನೊಮ್ಮೆ ಪ್ರಯತ್ನಿಸಿದ. ದವಡೆಯ ನರ ಬಿಗಿಯಿತು, ಕಣ್ಣಲ್ಲಿ ನೀರಾಡಿತು. ನಗು ನಿಂತಿತು. ಅಡಿಕೆ ಜಗಿದೂ ಜಗಿದೂ ಕೆನ್ನೆಯ ಒಳಪದರ ನಾರುಗಟ್ಟುತ್ತದೆ, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ, ಇದು ಮುಂದೆ ಕ್ಯಾನ್ಸರಿಗೂ ತಿರುಗಬಹುದು ಎಂದು ಡಾಕ್ಟರು ಮೆಲ್ಲಗೆ ಹೇಳುತ್ತಿದ್ದಾರೆ.

“ರೊಟ್ಟಿ ತಿನ್ನೂ ಮುಂದ ಉರಿತೈತ್ರಿ,” ಎನ್ನುತ್ತಾನೆ ಹುಡುಗ. ಇಷ್ಟು ದಿನ ಅವ್ವನಿಗೂ ಹೇಳದ ಮಾತು.

ಸ್ವಾಮಿಗಳು ಜೋಳಿಗೆ ಬಿಚ್ಚಿ ಸುಮ್ಮನೆ ನಿಂತಿದ್ದಾರೆ. ಗದರಿಸಿದ್ದರೆ ಅವನು ಎದ್ದು ಹೋಗುತ್ತಿದ್ದ. ತಮ್ಮೆದುರು ಬೇಡಿ ನಿಂತವರನ್ನು ಬರಿಗೈಲಿ ಕಳಿಸಲು ಈ ಸೀಮೆಯ ಮಕ್ಕಳಿಗೆ ಮನಸ್ಸು ಬರುವುದಿಲ್ಲ. ಎರಡೂ ಚೀಟಿ ಜೋಳಿಗೆಗೆ ಬಿದ್ದವು. ಹಿಂದೆಯೇ ಪಕ್ಕದವನ ಬೀಡಿಕಟ್ಟು.

ಅತ್ತ ಶಾಲೆಯ ಗೇಟಿನಿಂದ ಮಾಸ್ತರರು ಟೇಪು ಹಿಡಿದು ಅಳೆಯುತ್ತಿದ್ದಾರೆ. ನೂರು ಮೀಟರಿಗೆ ಹಳದಿ ಗೆರೆ. ಡಬ್ಬಾ ಅಂಗಡಿ ಗೆರೆಯ ಒಳಗೇ ಬಂತು. 2025ರಲ್ಲಿ ಜಾರಿಗೆ ಬಂದ ರಾಜ್ಯದ ತಿದ್ದುಪಡಿ ಕಾಯ್ದೆಯ ಪ್ರಕಾರ ಇಲ್ಲಿ ತಂಬಾಕು ಮಾರುವಂತಿಲ್ಲ. 21 ತುಂಬದವರಿಗಂತೂ ಎಲ್ಲಿಯೂ ಮಾರುವಂತಿಲ್ಲ. ಅಂಗಡಿಯ ಕಾಕಾ ಹಳದಿ ಬಣ್ಣವನ್ನು ಬಹಳ ಹೊತ್ತು ನೋಡಿ, ಚೀಟಿಯ ಸರಗಳನ್ನು ಒಂದೊಂದಾಗಿ ಇಳಿಸತೊಡಗಿದ. ಆ ಜಾಗಕ್ಕೆ ಶೇಂಗಾ ಚಿಕ್ಕಿ ಬಂತು.

ಚೀಟಿ ಕೊಟ್ಟ ಹುಡುಗನಿಗೆ ಇಂದು ರಾತ್ರಿ, ಮಗ್ಗದ ಮುಂದೆ ನಿದ್ದೆ ಎಳೆಯುವಾಗ, ನಾಲಿಗೆ ಅದನ್ನೇ ಕೇಳುತ್ತದೆ. ಡಾಕ್ಟರಮ್ಮ ಅವನ ಮೊಬೈಲಿನಲ್ಲಿ ಒಂದು ನಂಬರು ಹಾಕಿಕೊಟ್ಟಿದ್ದಾರೆ: 1800-11-2356. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ, ಕರೆ ಉಚಿತ. ಬೇರೆ ಮಾದಕ ವಸ್ತುಗಳಿಗೆ 14446. ನಿಮ್ಮ ಓಣಿಯಲ್ಲೂ ಇಂಥ ಹುಡುಗನಿದ್ದರೆ, ಬೈಯುವ ಮೊದಲು ಪಕ್ಕದಲ್ಲಿ ಕುಳಿತು ಈ ನಂಬರು ಕೊಡಿ.