ಆಟ ಸಪ್ಪಗಾದದ್ದು ಯಾಕೆ?

2025ರ ಜೂನ್ 3ರ ರಾತ್ರಿ ನಮ್ಮ ತಿಮ್ಮಾಪುರದಲ್ಲಿ ಪಟಾಕಿ ಹಾರಿದವು. ಹದಿನೆಂಟನೇ ವರ್ಷಕ್ಕೆ ಬೆಂಗಳೂರಿನ ತಂಡ ಐಪಿಎಲ್ ಕಪ್ಪು ಗೆದ್ದಿತ್ತು. ಅಹಮದಾಬಾದಿನಲ್ಲಿ ಪಂಜಾಬ್ ತಂಡ 6 ರನ್ನಿನಿಂದ ಸೋತಾಗ ಎಪ್ಪತ್ತು ದಾಟಿದ, ನಿವೃತ್ತ ಗಣಿತ ಮಾಸ್ತರನಾದ ನಾನೂ ಕುರ್ಚಿಯಿಂದೆದ್ದು ಚಪ್ಪಾಳೆ ತಟ್ಟಿದೆ. ಜಮಖಂಡಿಯಲ್ಲಿ ಬಿ.ಕಾಂ. ಓದುವ ಮೊಮ್ಮಗ ಮಾತ್ರ ಮೂಲೆಯಲ್ಲಿ ಮೊಬೈಲ್ ಹಿಡಿದು ಮುಖ ಸಣ್ಣದು ಮಾಡಿಕೊಂಡು ಕುಳಿತಿದ್ದ.

“ಯಾಕೋ, ನಮ್ಮವ್ರು ಗೆದ್ರಲ್ಲೋ!” ಎಂದೆ.

“ಗೆದ್ರ ಏನಾತು ಮುತ್ಯಾ, ನನ್ನ ಟೀಮ್ ಹೋತಲ್ಲ” ಎಂದ.

ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತ ಸುದ್ದಿ ಬಂತು. ಊರ ಸಂಭ್ರಮ ಅಲ್ಲಿಗೆ ಅಡಗಿತು. ಆ ಗದ್ದಲದಲ್ಲಿ ಮೊಮ್ಮಗನ ಮಾತು ಮರೆತೇಬಿಟ್ಟಿದ್ದೆ. ಪರೀಕ್ಷೆ ಶುಲ್ಕ ಕಟ್ಟಿಲ್ಲವೆಂದು ಗೊತ್ತಾದಾಗ ಅವನ ‘ಟೀಮು’ ಯಾವುದೆಂಬುದೂ ತಿಳಿಯಿತು. ಎರಡೂ ತಂಡಗಳಿಂದ 11 ಜನರನ್ನು ಆರಿಸಿ, ಹಣ ಕಟ್ಟಿ, ಅವರು ಹೊಡೆದ ರನ್ನಿಗೂ ಕಿತ್ತ ವಿಕೆಟ್ಟಿಗೂ ಅಂಕ ಎಣಿಸುವ ಮೊಬೈಲ್ ಆಟವದು. ನಾಯಕನೆಂದು ಆರಿಸಿದವನಿಗೆ ಅಂಕ ಎರಡು ಪಟ್ಟು. ಇವನು ನಾಯಕನೆಂದು ಆರಿಸಿದ್ದು ಪಂಜಾಬಿನ ಶ್ರೇಯಸ್ ಅಯ್ಯರ್ ಅವರನ್ನು. ಅಂದು ಅವರು 1 ರನ್ನಿಗೆ ಔಟಾಗಿದ್ದರು. ಹೀಗೆ ಎರಡು ತಿಂಗಳಲ್ಲಿ 49 ರೂಪಾಯಿ, 99 ರೂಪಾಯಿ ಎನ್ನುತ್ತ 4,200 ರೂಪಾಯಿ ಕರಗಿ ಹೋಗಿತ್ತು.

ಹಣ ಹೋದದ್ದಕ್ಕಿಂತ ನನಗೆ ಕಸಿವಿಸಿಯಾದದ್ದು ಇನ್ನೊಂದು ಕಾರಣಕ್ಕೆ. ತನ್ನ ನಾಡಿನ ತಂಡ ಗೆದ್ದ ರಾತ್ರಿ ಹುಡುಗನೊಬ್ಬ ಅಳುಮುಖ ಮಾಡಿಕೊಂಡು ಕೂರುವುದೆಂದರೇನು? ನೀವೇ ಹೇಳಿ.

ನನಗೆ 1996ರ ಮಾರ್ಚ್ 9 ನೆನಪಾಯಿತು. ಬೆಂಗಳೂರಿನಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ. ನಮ್ಮ ಓಣಿಯಲ್ಲಿ ಟಿವಿ ಇದ್ದದ್ದು ನಮ್ಮ ಮನೆಯಲ್ಲೊಂದೇ, ಅದೂ ಕಪ್ಪು ಬಿಳುಪಿನದು. ಒಬ್ಬ ಮಾಳಿಗೆ ಹತ್ತಿ ಆಂಟೆನಾ ತಿರುಗಿಸುವವ, ಒಬ್ಬ ಕೆಳಗೆ ನಿಂತು “ಬಂತು, ಬಂತು, ಸಾಕು” ಎಂದು ಕೂಗುವವ. ಆಟದ ನಡುವೆ ಕರೆಂಟು ಹೋಯಿತು. ನೆರೆಮನೆಯವರು ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಟಿವಿಗೆ ಹಚ್ಚಿದರು. ಆಮೀರ್ ಸೊಹೈಲ್ ಬೌಂಡರಿ ಹೊಡೆದು, ಬ್ಯಾಟು ಚಾಚಿ ಚೆಂಡು ಹೋದ ದಾರಿ ತೋರಿಸಿದ್ದನ್ನೂ, ಮುಂದಿನ ಚೆಂಡಿಗೇ ನಮ್ಮ ವೆಂಕಟೇಶ್ ಪ್ರಸಾದ್ ಅವರ ಸ್ಟಂಪು ಹಾರಿಸಿದ್ದನ್ನೂ ನಾವು ನೋಡಿದ್ದು ಆ ಬ್ಯಾಟರಿಯ ಪುಣ್ಯದಿಂದ. ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕ್ರಿಕೆಟ್ಟಿನ ಗಂಧವಿಲ್ಲದ ನನ್ನ ತಾಯಿ ಕೂಡ “ಆ ಉದ್ದನ ಹುಡುಗ ಚಲೋ ಒಗೀತಾನ ನೋಡ್ರಿ” ಎಂದಿದ್ದಳು. ಯಾರದೂ ಒಂದು ಪೈಸೆ ಪಣಕ್ಕಿರಲಿಲ್ಲ.

ಹಾಗೆಂದು ಆ ಕಾಲವೆಲ್ಲ ಬಂಗಾರವಾಗಿತ್ತು ಎನ್ನಲಾರೆ. 2000ನೇ ಇಸವಿಯಲ್ಲಿ ಹ್ಯಾನ್ಸಿ ಕ್ರೋನಿಯೆ ಬುಕ್ಕಿಗಳಿಂದ ಹಣ ಪಡೆದದ್ದನ್ನು ಒಪ್ಪಿಕೊಂಡಾಗ ನಾನೇ ಆರು ತಿಂಗಳು ಟಿವಿ ಮುಂದೆ ಕೂತಿರಲಿಲ್ಲ. ಕ್ಯಾಚು ಬಿಟ್ಟರೂ ಸಂಶಯ, ಹಿಡಿದರೂ ಸಂಶಯ. ಹಣದ ವಾಸನೆ ಬಡಿದರೆ ನೋಡುವವನ ಕಣ್ಣೂ ಕೆಡುತ್ತದೆಂದು ಆಗಲೇ ಗೊತ್ತಾಗಿತ್ತು.

ಈಗಿನ ಹಣವಾದರೂ ಎಷ್ಟು? ಮಾಸ್ತರಿಕೆಯ ಚಟ, ಪೆನ್ಸಿಲ್ ಹಿಡಿದು ಕುಳಿತೆ. 2023ರಿಂದ 2027ರವರೆಗಿನ ಐಪಿಎಲ್ ಪ್ರಸಾರದ ಹಕ್ಕು 48,390 ಕೋಟಿ ರೂಪಾಯಿಗೆ ಮಾರಾಟವಾಗಿದೆ. ಐದು ವರ್ಷಕ್ಕೆ 410 ಪಂದ್ಯಗಳ ಲೆಕ್ಕ. ಅಂದರೆ ಪಂದ್ಯಕ್ಕೆ 118 ಕೋಟಿ. ಪಂದ್ಯಕ್ಕೆ 240 ಚೆಂಡು ಹಿಡಿದರೆ ಒಂದು ಚೆಂಡಿಗೆ ಸುಮಾರು 49 ಲಕ್ಷ. ಇಷ್ಟು ಕೊಟ್ಟವರು ಜಾಹೀರಾತಿಲ್ಲದೆ ಒಂದು ಓವರೂ ಬಿಡಲಾರರು. 2008ರಲ್ಲಿ 59 ಪಂದ್ಯಗಳಿದ್ದವು, 2022ರಿಂದ 74 ಆದವು. ನೋಡುವವರ ಸಂಖ್ಯೆಯಲ್ಲಿ ಪ್ರತಿ ವರ್ಷ ದಾಖಲೆ ಎಂದು ಪ್ರಸಾರದವರು ಹೇಳುತ್ತಾರೆ. ಇದ್ದೀತು. ಆದರೆ ನಿನ್ನೆ ಯಾರು ಗೆದ್ದರು ಎಂದು ಕೇಳಿದರೆ ನಮ್ಮ ಓಣಿಯ ಹುಡುಗರು ಮೊಬೈಲ್ ತೆಗೆದು ನೋಡುತ್ತಾರೆ. ದಿನಾಲೂ ಹೋಳಿಗೆ ಬಡಿಸಿದರೆ ಹಬ್ಬ ಯಾವುದೆಂದು ನೆನಪಿರುವುದು ಹೇಗೆ?

2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಹಣದ ಆಟಗಳನ್ನು ನಿಷೇಧಿಸುವ ಕಾನೂನು ಮಾಡಿತು. ಮುಂದಿನ ತಿಂಗಳ ಏಷ್ಯಾ ಕಪ್ಪಿನಲ್ಲಿ ಭಾರತ ತಂಡದ ಅಂಗಿಯ ಮೇಲೆ ಪ್ರಾಯೋಜಕರ ಹೆಸರೇ ಇರಲಿಲ್ಲ. ಇನ್ನು ಮೊಮ್ಮಗ ಆಟವನ್ನು ಆಟವಾಗಿ ನೋಡುತ್ತಾನೆಂದು ನಾನು ಖುಷಿಪಟ್ಟೆ. ಸೆಪ್ಟೆಂಬರ್ 28ರಂದು ಪಾಕಿಸ್ತಾನದ ಮೇಲೆ ಫೈನಲ್. ಕರೆದರೆ ಅವನು ಬರಲಿಲ್ಲ.

“ರೊಕ್ಕ ಇಲ್ದ ಏನ್ ನೋಡೂದು ಮುತ್ಯಾ? ಉಪ್ಪಿಲ್ಲದ ಸಾರು ಉಂಡಂಗ ಆಗ್ತೈತಿ.”

ಬೈಯಬೇಕೆಂದು ಬಾಯಿ ತೆರೆದವನು ಸುಮ್ಮನಾದೆ. ಆ ಎರಡು ತಿಂಗಳು ನಾವೆಲ್ಲ ಎಲ್ಲಿದ್ದೆವು? ಮಗ ಹೊಲದ ಮನೆಯಲ್ಲಿ ತನ್ನ ಮೊಬೈಲಿನಲ್ಲಿ ಪಂದ್ಯ ನೋಡುತ್ತಿದ್ದ. ಸೊಸೆ ಒಳಗೆ ಧಾರಾವಾಹಿ ಹಾಕಿಕೊಳ್ಳುತ್ತಿದ್ದಳು. ನಾನು ಪಡಸಾಲೆಯ ಟಿವಿ ಮುಂದೆ. ಒಂದೇ ಸೂರಿನಡಿ ಒಬ್ಬೊಬ್ಬರಿಗೆ ಒಂದೊಂದು ಪರದೆ. ಆಟದಲ್ಲಿ ರುಚಿ ಏನಿದೆಯೆಂದು ಅವನ ಪಕ್ಕದಲ್ಲಿ ಕುಳಿತು ತೋರಿಸಿದವರು ಯಾರೂ ಇರಲಿಲ್ಲ. ಆ ಜಾಗದಲ್ಲಿ ಮೊಬೈಲಿನ ಟೀಮು ಬಂದು ಕುಳಿತಿತ್ತು.

ನವೆಂಬರ್ 2, ಭಾನುವಾರ. ನವಿ ಮುಂಬಯಿಯಲ್ಲಿ ಮಹಿಳೆಯರ ವಿಶ್ವಕಪ್ ಫೈನಲ್. ಹೈಸ್ಕೂಲಿಗೆ ಹೋಗುವ ಮೊಮ್ಮಗಳು ಹಟ ಹಿಡಿದಳು. ನಮ್ಮ ಪಕ್ಕದ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್ಪಿನಲ್ಲಿ ನ್ಯೂಜಿಲೆಂಡಿನ 5 ವಿಕೆಟ್ಟು ಕಿತ್ತದ್ದನ್ನು ಯಾರಿಂದಲೋ ಕೇಳಿದಾಗಿನಿಂದ ಅವಳಿಗೆ ಈ ಹುಚ್ಚು. ಸೊಸೆ ಅಡುಗೆ ಬೇಗ ಮುಗಿಸಿ ಬಂದಳು, ಮಗನನ್ನೂ ಕರೆಸಿದಳು. ಮಳೆಯಿಂದ ಪಂದ್ಯ ಎರಡು ಗಂಟೆ ತಡವಾಯಿತು. ಬಹಳ ದಿನಗಳ ಮೇಲೆ ಎಲ್ಲರೂ ಕೂಡಿ ಶೇಂಗಾ ಸುಲಿಯುತ್ತ ಕುಳಿತೆವು. ಮೊಮ್ಮಗ ಬಾಗಿಲ ಚೌಕಟ್ಟಿಗೆ ಒರಗಿ ನಿಂತ, ಒಳಗೆ ಬರಲಿಲ್ಲ.

ದಕ್ಷಿಣ ಆಫ್ರಿಕದ ನಾಯಕಿ ಲಾರಾ ವೊಲ್ವಾರ್ಟ್ ನೂರು ದಾಟಿ ಆಡುತ್ತಿದ್ದರು. ಚೆಂಡು ಮೇಲೆದ್ದಿತು. ಅಮನ್‌ಜೋತ್ ಕೈಯಿಂದ ಒಮ್ಮೆ ಜಾರಿತು, ಮತ್ತೊಮ್ಮೆ ಜಾರಿತು, ಮೂರನೇ ಸಲ ಕೈಗೆ ಹತ್ತಿತು.

“ಹಿಡದ್ಲು!” ಎಂದು ಎಲ್ಲರಿಗಿಂತ ಜೋರಾಗಿ ಕೂಗಿದವನು ಬಾಗಿಲಲ್ಲಿ ನಿಂತಿದ್ದವನೇ.

ಪಂದ್ಯ ಮುಗಿದಾಗ ನಡುರಾತ್ರಿ. ಭಾರತ 52 ರನ್ನಿನಿಂದ ಗೆದ್ದಿತ್ತು. ಅಣ್ಣ–ತಂಗಿ ಶೇಂಗಾ ಸಿಪ್ಪೆಯ ನಡುವೆ ಕುಳಿತು ಆ ಕ್ಯಾಚಿನ ವಿಷಯವನ್ನೇ ವಾದಿಸುತ್ತಿದ್ದರು. ಒಂದು ರಾತ್ರಿಯಲ್ಲಿ ಅವನ ಚಟ ಬಿಟ್ಟಿತೆಂದು ನಾನು ನಂಬಿಲ್ಲ. ಪರೀಕ್ಷೆ ಶುಲ್ಕವನ್ನು ಈಗ ನಾನೇ ಹೋಗಿ ಕಟ್ಟಿ ಬರುತ್ತೇನೆ. ಆದರೆ ಪಂದ್ಯವಿದ್ದ ದಿನ ಅವನನ್ನು ಬಿಟ್ಟು ಒಬ್ಬನೇ ನೋಡುವುದಿಲ್ಲ. ಮನೆಯಲ್ಲಿ ಹುಡುಗರಿರುವ ತಂದೆತಾಯಿಗಳಿಗೆ ನಾನು ಹೇಳುವುದೂ ಅಷ್ಟೇ.

ಮರುದಿನ ಬೆಳಿಗ್ಗೆ ಚಹಾ ಕುಡಿಯುವಾಗ ಮೊಮ್ಮಗ ಕೇಳಿದ: “ಮುತ್ಯಾ, ಟ್ರ್ಯಾಕ್ಟರ್ ಬ್ಯಾಟರಿ ಹಚ್ಚಿ ಮ್ಯಾಚ್ ನೋಡಿದ್ರಿ ಅಂತೀಯಲ್ಲ, ಖರೇನ?”