ಗುಡ್ಡ ಹತ್ತೋಕೆ ಅಜ್ಜನ ಊರಿಗೆ

ಡಿಸೆಂಬರ್ ಬಂತೆಂದರೆ ನಮ್ಮ ಮನೆಯಲ್ಲಿ ಒಂದೇ ಚರ್ಚೆ. ಊಟಿನಾ, ಕೊಡಗಾ, ಚಿಕ್ಕಮಗಳೂರಾ? ಕಳೆದ ಸಲ ಚಿಕ್ಕಮಗಳೂರು ಅಂತ ತೀರ್ಮಾನವಾಗಿ ಹೋಮ್‌ಸ್ಟೇಗೆ ಅಡ್ವಾನ್ಸ್ ಕೂಡ ಕಟ್ಟಿದ್ದೆವು. ಅಪ್ಪನನ್ನೂ ಕರೆಯೋಣ ಅಂತ ಸಿರುಗುಪ್ಪಕ್ಕೆ ಫೋನ್ ಮಾಡಿದರೆ, "ನೀವು ಹೋಗಿ ಬರ್ರಿ, ನನಗ್ಯಾಕ ಗುಡ್ಡ" ಅಂದರು. ಮಾರ್ಚ್‌ನಲ್ಲಿ ಅವ್ವ ತೀರಿಹೋದ ಮೇಲೆ ಅವರು ಮನೆ, ಗದ್ದೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಅವರನ್ನು ಆ ಮನೆಯಲ್ಲಿ ಒಬ್ಬರೇ ಬಿಟ್ಟು ನಾವು ಮಂಜಿನಲ್ಲಿ ಸೆಲ್ಫಿ ತೆಗೆದುಕೊಳ್ಳೋದು ನನಗೆ ಯಾಕೋ ಒಗ್ಗಲಿಲ್ಲ. ಏಳು ವರ್ಷದ ಮಗಳು ಪಕ್ಕದಲ್ಲೇ ಕೂತು ಕೇಳಿಸಿಕೊಳ್ಳುತ್ತಿದ್ದಳು. "ಅಜ್ಜನ ಊರ ಕಡೆ ಗುಡ್ಡ ಇಲ್ವಾ ಅಮ್ಮಾ?"

ಇದೆಯಲ್ಲ! ಸಿರುಗುಪ್ಪದಲ್ಲಿ ಕಣ್ಣು ಹಾಯಿಸಿದಷ್ಟೂ ಭತ್ತವೇ. ಆದರೆ ಬಳ್ಳಾರಿ ದಾರಿ ಹಿಡಿದರೆ ಸಾಕು, ಯಾರೋ ಲಾರಿಗಟ್ಟಲೆ ಬಂಡೆ ತಂದು ಸುರಿದ ಹಾಗೆ ಗುಡ್ಡಗಳು ಶುರು. ಅಲ್ಲೇ ಹುಟ್ಟಿ ಬೆಳೆದ ನನಗೆ ಅವನ್ನು 'ಟ್ರಿಪ್' ಅನ್ನೋ ಪದದ ಜೊತೆ ಸೇರಿಸಬಹುದು ಅಂತ ಹೊಳೆದೇ ಇರಲಿಲ್ಲ. ಅಡ್ವಾನ್ಸ್ ಹೋದರೆ ಹೋಗಲಿ ಅಂತ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು.

ಮೊದಲೇ ಒಂದು ಮಾತು. ಮಕ್ಕಳನ್ನು ಕಟ್ಟಿಕೊಂಡು ಈ ಕಡೆ ಬರೋದಾದರೆ ಡಿಸೆಂಬರ್, ಜನವರಿ ವಾಸಿ. ಏಪ್ರಿಲ್ ಬಿಸಿಲಲ್ಲಿ ಈ ಬಂಡೆಗಳ ಮೇಲೆ ರೊಟ್ಟಿ ಸುಡಬಹುದು. ಬೆಳಿಗ್ಗೆ ಏಳಕ್ಕೆ ಹತ್ತಿ ಹತ್ತರೊಳಗೆ ಇಳಿಯಬೇಕು. ಟೋಪಿ, ಶೂ, ನಿಮಗೆ ಸಾಕು ಅನ್ನಿಸಿದ್ದಕ್ಕಿಂತ ಎರಡು ಬಾಟಲಿ ಹೆಚ್ಚು ನೀರು. ಗುಡ್ಡದ ಮೇಲೆ ಅಂಗಡಿ ಸಿಗುತ್ತೆ ಅಂತ ನಂಬಬೇಡಿ.

ಮೊದಲ ದಿನ ಕುರುಗೋಡು. ಅಪ್ಪ "ನಾ ಕಾರಾಗ ಕೂತಿರತೀನಿ" ಅನ್ನೋ ಷರತ್ತಿನ ಮೇಲೆ ಹೊರಟರು. ದಾರಿಯಲ್ಲಿ ತೆಕ್ಕಲಕೋಟೆ ಗುಡ್ಡ ಕಂಡಾಗ ತಾವೇ ಗಾಡಿ ನಿಲ್ಲಿಸಿದರು. ಅವರು ಹತ್ತು ವರ್ಷದ ಹುಡುಗನಿದ್ದಾಗ ಇಲ್ಲಿ ಉತ್ಖನನ ನಡೆದಿತ್ತು. ಆಗ ಪುರಾತತ್ವಜ್ಞ ಎಂ. ಎಸ್. ನಾಗರಾಜರಾವ್ ಈ ಗುಡ್ಡದಲ್ಲಿ ಶಿಲಾಯುಗದ ಜನರ ನೆಲೆಗಳನ್ನು ಅಗೆದು ತೆಗೆದಿದ್ದರು, 1965ರಲ್ಲಿ ಅದರ ಪುಸ್ತಕವೂ ಬಂತು. ಅಪ್ಪನ ನೆನಪಿನಲ್ಲಿ ಉಳಿದದ್ದು ಮಾತ್ರ ಇಷ್ಟೇ: "ದೊಡ್ಡ ದೊಡ್ಡ ಮಂದಿ ಮಣ್ಣು ಜರಡಿ ಹಿಡೀತಿದ್ರು. ನಾವು ಬಂಗಾರ ಹುಡುಕ್ತಾರ ಅಂತಿದ್ವಿ."

ಕುರುಗೋಡಿನ ದೊಡ್ಡ ಬಸವೇಶ್ವರನ ಮುಂದೆ ನಾಲ್ಕು ವರ್ಷದ ಮಗ ಬಾಯಿ ತೆರೆದು ನಿಂತ. ಒಂದೇ ಕಲ್ಲಿನ ಬಸವ, ಎತ್ತರ ಹತ್ತು-ಹನ್ನೆರಡು ಅಡಿ ಇರಬಹುದು. "ಇದು ಎದ್ದು ನಿಂತ್ರೆ ಮಾಳಿಗೆ ಒಡೆಯುತ್ತೆ" ಅಂದ. ಆಮೇಲೆ ಊರ ಹಿಂದಿನ ಗುಡ್ಡ. ಅರ್ಧ ದಾರಿಯಲ್ಲಿ ಕೋತಿಯೊಂದು ಬಾಳೆಹಣ್ಣಿನ ಚೀಲ ಕಿತ್ತುಕೊಂಡಿತು. ಮಗ ನೆಲಕ್ಕೆ ಬಿದ್ದು ಹೊರಳಾಡಿ ಅತ್ತ. ನನ್ನವರು ಎತ್ತಿಕೊಳ್ಳಲು ಹೋದರೆ ಒದ್ದ. ತಿರುಗಿ ನೋಡಿದರೆ ಅಪ್ಪ ಚಪ್ಪಲಿ ಕೈಯಲ್ಲಿ ಹಿಡಿದು, ಬರಿಗಾಲಲ್ಲಿ ನಿಧಾನವಾಗಿ ಹತ್ತಿ ಬರುತ್ತಿದ್ದಾರೆ! ಮೊಮ್ಮಗನ ಪಕ್ಕ ಬಂಡೆಗೆ ಒರಗಿ ಕೂತರು. ಸಮಾಧಾನದ ಮಾತು ಒಂದೂ ಆಡಲಿಲ್ಲ, ಸುಮ್ಮನೆ ಕೂತರು. ಅವನು ಅಳು ನಿಲ್ಲಿಸಿದಾಗ, "ಹೋಗಾಣ?" ಅಂದರು. ಅಲ್ಲಿಂದ ಅವರಿಬ್ಬರದೇ ಜೋಡಿ. ಅಪ್ಪನ ಮಂಡಿನೋವಿಗೂ ಅವನ ಪುಟ್ಟ ಕಾಲಿಗೂ ಒಂದೇ ವೇಗ. ನಾನು "ಬೇಗ ಬೇಗ" ಅಂದರೆ, "ಯಾಕ ಅವಸರ ಮಾಡ್ತಿ, ಗುಡ್ಡ ಎಲ್ಲಿಗೂ ಓಡಿ ಹೋಗಲ್ಲ" ಅನ್ನೋ ಉತ್ತರ.

ಮರುದಿನ ಬಳ್ಳಾರಿಯಲ್ಲಿ ವಗ್ಗರಣಿ, ಮಿರ್ಚಿ ತಿಂದು ಸಂಗನಕಲ್ಲಿಗೆ ಹೋದೆವು. ಊರಿನಿಂದ ಏಳೆಂಟು ಕಿಲೋಮೀಟರ್ ಅಷ್ಟೇ. ನಾನು ಬಳ್ಳಾರಿಯಲ್ಲಿ ಮೂರು ವರ್ಷ ಕಾಲೇಜು ಓದಿದರೂ ಒಮ್ಮೆಯೂ ಬಂದಿರಲಿಲ್ಲ, ನಾಚಿಕೆಯ ವಿಷಯ. ಸುಮಾರು 5000 ವರ್ಷದ ಹಿಂದೆ ಇಲ್ಲಿ ದನ ಸಾಕುವ ಜನ ಇದ್ದರು. ಹಿರೇಗುಡ್ಡದ ಮೇಲೆ ಕಲ್ಲಿನ ಕೊಡಲಿ ಮಾಡುತ್ತಿದ್ದರು, ಕರಿ ಬಂಡೆಗಳ ಮೇಲೆ ಉದ್ದ ಕೊಂಬಿನ, ಡುಬ್ಬದ ಎತ್ತುಗಳನ್ನು ಕುಟ್ಟಿ ಚಿತ್ರಿಸಿದರು. ಫಾಸೆಟ್ ಎಂಬುವರು 1892ರಲ್ಲೇ ಈ ಚಿತ್ರಗಳ ಬಗ್ಗೆ ಬರೆದಿದ್ದಾರೆ. ಮಕ್ಕಳಿಗೆ ಇದೆಲ್ಲ ಬೇಡವಾಗಿತ್ತು. ಅವರಿಗೆ ಬೇಕಾದದ್ದನ್ನು ತೋರಿಸಿದವನು ಕುರಿ ಕಾಯುವ ಹುಡುಗ. ಸಣ್ಣ ಸಣ್ಣ ಗುಳಿ ಬಿದ್ದ ಬಂಡೆಯೊಂದಕ್ಕೆ ಕಲ್ಲಿನಿಂದ ಮೆಲ್ಲಗೆ ಬಡಿದ. ಠಣ್! ಗುಡಿಯ ಜಾಗಟೆಯ ಹಾಗೆ ಬಂಡೆ ಮೊಳಗಿತು. ಆ ಗುಳಿಗಳು ಹಿಂದಿನವರು ಬಡಿದು ಬಡಿದೇ ಆದದ್ದು ಅಂತ ಸಂಶೋಧಕರು ಹೇಳುತ್ತಾರೆ. ಚಿತ್ರಗಳ ಹತ್ತಿರ ಮಾತ್ರ ಮಕ್ಕಳ ಕೈ ಹಿಡಿದುಕೊಳ್ಳಿ, ಗೀಚಲು ಒಂದು ಕ್ಷಣ ಸಾಕು.

ಮಗಳು ಮೂರು ಸಲ ಬಡಿದು, ಕಿವಿ ಬಂಡೆಗಿಟ್ಟು ಕೇಳಿದಳು. ಅದೇ ಹೊತ್ತಿಗೆ ದೂರದಲ್ಲಿ ಇನ್ನೊಂದು ಸದ್ದು. ಇಲ್ಲಿನ ಗುಡ್ಡಗಳ ಒಂದೊಂದು ಮಗ್ಗುಲು ಕಲ್ಲು ಕ್ವಾರಿಗೆ ಹೋಗಿದೆ. ಚಾಕುವಿನಲ್ಲಿ ಕೇಕ್ ಕತ್ತರಿಸಿದ ಹಾಗೆ ಬಿಳಿ ಗಾಯ. "ಅಜ್ಜಾ, ಆ ಗುಡ್ಡ ಎಲ್ಲಿಗೆ ಓಡಿ ಹೋಯ್ತು?" ಅಂತ ಮಗ ಕೇಳಿದ. ಅಪ್ಪ ಸ್ವಲ್ಪ ಹೊತ್ತು ಅತ್ತಲೇ ನೋಡಿದರು. "ಬೆಂಗಳೂರಿಗೆ ಹೋಗಿರಬೇಕಪ್ಪಾ. ನಿಮ್ಮ ಮನಿ ನೆಲದಾಗ ನೋಡು." ನನ್ನವರು ನನ್ನ ಮುಖ ನೋಡಿದರು. ನಮ್ಮ ಅಡುಗೆಮನೆ ಕಟ್ಟೆ ಗ್ರಾನೈಟಿನದು.

ರಾತ್ರಿ ರೈಲಿಗೆ ಸಮಯವಿತ್ತು. ಸಂಜೆ ನಾಲ್ಕಕ್ಕೆ ಬಳ್ಳಾರಿ ಕೋಟೆ ಗುಡ್ಡ ಹತ್ತಿದೆವು. ಮೇಲಿನ ಕೋಟೆ ಹನುಮಪ್ಪ ನಾಯಕನದು, ಕೆಳಗಿನದು ಹೈದರಾಲಿಯ ಕಾಲದ್ದು. ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ ಅಂತ ಆಮೇಲೆ ಗೊತ್ತಾಗಿ, ಕೋಟೆ ಕಟ್ಟಿಸಿದ ಫ್ರೆಂಚ್ ಎಂಜಿನಿಯರನ್ನು ಹೈದರ್ ಗಲ್ಲಿಗೇರಿಸಿದ ಅಂತ ಊರಲ್ಲಿ ಕಥೆ. ಮಗಳಿಗೆ ಇದು ಭಾರಿ ಅನ್ಯಾಯ ಅನ್ನಿಸಿತು. ಮೆಟ್ಟಿಲು ಎಣಿಸುತ್ತಿದ್ದವಳು ಆ ಸಿಟ್ಟಲ್ಲೇ ಲೆಕ್ಕ ತಪ್ಪಿದಳು.

ಅರ್ಧ ಮೆಟ್ಟಿಲು ಹತ್ತಿ ಅಪ್ಪ ನಿಂತರು. ಮಂಡಿ ನೋವೇನೋ ಅಂದುಕೊಂಡೆ.

"ಇಲ್ಲೇ ನೋಡು, ನಿಮ್ಮವ್ವನ ಚಪ್ಪಲಿ ಕಿತ್ತಿದ್ದು."

ಮದುವೆಯಾದ ಹೊಸದರಲ್ಲಿ ಸಿನಿಮಾ ನೋಡಲು ಸಿರುಗುಪ್ಪದಿಂದ ಬಸ್ಸಲ್ಲಿ ಬಂದಿದ್ದರಂತೆ. ಟಿಕೆಟ್ ಸಿಗಲಿಲ್ಲ, ಗುಡ್ಡ ಹತ್ತಿದರು. ಉಂಗುಷ್ಠ ಕಿತ್ತ ಚಪ್ಪಲಿಯನ್ನು ಅವ್ವ ಇಲ್ಲಿಂದ ಕೆಳಕ್ಕೆ ಎಸೆದು, ಇನ್ನೊಂದನ್ನೂ ಎಸೆದು, ಬರಿಗಾಲಲ್ಲೇ ತುದಿ ಮುಟ್ಟಿದಳಂತೆ. ನನಗೆ ಈ ಕಥೆ ಗೊತ್ತಿರಲಿಲ್ಲ. ಒಂಬತ್ತು ತಿಂಗಳಲ್ಲಿ ಅಪ್ಪ ಅವ್ವನ ಬಗ್ಗೆ ಇಷ್ಟು ಮಾತಾಡಿದ್ದು ಅದೇ ಮೊದಲು. ತುದಿಯಲ್ಲಿ ಊರಿನ ದೀಪಗಳು ಒಂದೊಂದೇ ಹೊತ್ತಿಕೊಳ್ಳೋದನ್ನು ನೋಡುತ್ತಾ ಐವರೂ ಕೂತೆವು. ಫೋಟೊ ತೆಗೆಯಲು ಮರೆತೆ.

ಮೊನ್ನೆ ಭಾನುವಾರ ಅಪ್ಪ ಫೋನ್ ಮಾಡಿದ್ದರು. ಮಳೆ, ಕಾಲುವೆ ನೀರು, ಭತ್ತದ ರೇಟು ಎಲ್ಲ ಮುಗಿದ ಮೇಲೆ, ಫೋನ್ ಇಡುವ ಮುಂಚೆ, "ಕ್ಯಾನ್ವಾಸ್ ಶೂ ತಗೊಂಡೀನಿ, ಎಂಟನೇ ನಂಬರ್" ಅಂದರು.